ನವ್ ಶಾಪೆಲ್‌ನ ಗೋಡೆಯಲ್ಲಿ ಗಢವಾಲದ ಹುಡುಗ

ಲಿಲ್‌ನಿಂದ ಬೆತ್ಯೂನ್ ಕಡೆ ಹೋಗುವ ರೈಲಿನಲ್ಲಿ ಲಾ ಬಾಸೆಗೆ ಬಂದಿಳಿದರೆ, ಮುಂದೆ ನವ್ ಶಾಪೆಲ್ ಹಳ್ಳಿಗೆ ಉತ್ತರಕ್ಕೆ ಐದಾರು ಕಿಲೋಮೀಟರ್ ನಡಿಗೆ. ನೆಲ ಸಂಪೂರ್ಣ ಸಪಾಟು. ಉತ್ತರ ಫ್ರಾನ್ಸಿನ ಈ ಸೀಮೆಯಲ್ಲಿ ಸ್ವಲ್ಪ ಅಗೆದರೆ ಸಾಕು, ನೀರು ಒಸರುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಇಲ್ಲಿ ಆಳದ ಕಂದಕ ತೋಡಲಾಗಲಿಲ್ಲ. ಸೈನಿಕರು ಮಣ್ಣು, ಮರಳುಚೀಲ ಪೇರಿಸಿ ಅದರ ಮರೆಯಲ್ಲಿ ನಿಂತರು.

ಲಾ ಬೊಂಬ್ ಎಂಬ ಕೂಡುರಸ್ತೆಯಲ್ಲಿದೆ ಭಾರತೀಯ ಸೈನಿಕರ ಸ್ಮಾರಕ. ಹರ್ಬರ್ಟ್ ಬೇಕರ್ ವಿನ್ಯಾಸ, 1927ರ ಅಕ್ಟೋಬರ್ 7ರಂದು ಅನಾವರಣ. ಸುಮಾರು 15 ಮೀಟರ್ ಎತ್ತರದ ಕಂಬ, ಅದರ ಬುಡದಲ್ಲಿ ಎರಡು ಹುಲಿ, ಆಚೀಚೆ ಛತ್ರಿ ಮಂಟಪಗಳು, ಮುಂದೆ ಜಾಲರಿಯಂತೆ ಕೊರೆದ ಕಲ್ಲು. ಚಿತ್ರ ತೆಗೆಯುವವರೆಲ್ಲ ಕಂಬದ ಎದುರೇ ನಿಲ್ಲುತ್ತಾರೆ. ನಿಜಕ್ಕೂ ನಿಂತು ನೋಡಬೇಕಾದ್ದು ಹಿಂಬದಿಯ ಬಾಗಿದ ಗೋಡೆ. ಗೋರಿಯೇ ಸಿಗದ 4,700ಕ್ಕೂ ಹೆಚ್ಚು ಮಂದಿಯ ಹೆಸರು ಅಲ್ಲಿದೆ.

ಬರೀ ಹೆಸರು ಹಿಡಿದುಕೊಂಡು ಹೋದರೆ ಇಲ್ಲಿ ಯಾರೂ ಸಿಗುವುದಿಲ್ಲ. ಈ ಒಂದು ತಪ್ಪಿಗೆ ಅರ್ಧ ದಿನವೇ ಹೋಗಿಬಿಡುತ್ತದೆ. ಹೆಸರುಗಳನ್ನು ಕೆತ್ತಿರುವುದು ರೆಜಿಮೆಂಟಿನ ಪ್ರಕಾರ, ಅದರೊಳಗೆ ದರ್ಜೆಯ ಪ್ರಕಾರ. ಅಕಾರಾದಿ ಬರುವುದು ಕೊನೆಗೆ. ಕಾಗುಣಿತವೂ ಗುಮಾಸ್ತನ ಕಿವಿಗೆ ಕೇಳಿಸಿದ ಹಾಗೆ. ಗಬರ್ ಸಿಂಗ್ ನೇಗಿ ಎಂಬ ರೈಫಲ್‌ಮನ್ ಬ್ರಿಟಿಷ್ ಸರ್ಕಾರದ ರಾಜಪತ್ರ ಲಂಡನ್ ಗೆಜೆಟ್‌ನಲ್ಲಿ ‘ಗೋಬರ್ ಸಿಂಗ್’ ಆಗಿದ್ದಾನೆ, ಅದೂ ‘ಸಿಂಗ್’ನ ಇಂಗ್ಲಿಷ್ ಕೊನೆಯಕ್ಷರ ಬಿಟ್ಟು. ಅವನನ್ನು ಗಬರ್ ಎಂದು ಹುಡುಕಿದರೆ ಸಿಗುವುದಾದರೂ ಹೇಗೆ? ಆದ್ದರಿಂದ ಹೊರಡುವ ಮೊದಲೇ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಮೂರ್ನಾಲ್ಕು ಕಾಗುಣಿತ ಹಾಕಿ ನೋಡಿ. ರೆಜಿಮೆಂಟ್, ಸೈನಿಕನ ಸಂಖ್ಯೆ, ಸತ್ತ ದಿನ, ಫಲಕದ ಸಂಖ್ಯೆ ಈ ನಾಲ್ಕನ್ನೂ ಬರೆದುಕೊಳ್ಳಿ. ಅಪ್ಪನ ಹೆಸರು, ಊರು ಗೋಡೆಯ ಮೇಲಿರುವುದಿಲ್ಲ. ಇದ್ದರೆ ದಾಖಲೆ ಪುಸ್ತಕದಲ್ಲಿ. ಮನೆತನ ತಿಳಿಯಬೇಕಾದರೆ ಎರಡನ್ನೂ ಕೂಡಿಸಿ ಓದಬೇಕು.

ಗಬರ್ ಸಿಂಗ್ ಹುಟ್ಟಿದ್ದು 1895ರ ಏಪ್ರಿಲ್ 21ರಂದು, ಈಗಿನ ಉತ್ತರಾಖಂಡದ ಟೆಹ್ರಿ ಗಢವಾಲದ ಚಂಬಾ ಬಳಿಯ ಹಳ್ಳಿಯಲ್ಲಿ. ಬೆಟ್ಟದ ಮೆಟ್ಟಿಲು ಹೊಲಗಳ ಸೀಮೆ ಅದು. ಬೆಳೆದದ್ದು ಊಟಕ್ಕಾದರೆ ಹೆಚ್ಚು. ಅಲ್ಲಿನ ಮನೆಗಳಿಗೆ ಕೈಗೆ ರೊಕ್ಕ ಬರುತ್ತಿದ್ದದ್ದು ಪಲ್ಟನ್ನಿನಿಂದ. ಆಗ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. 1913ರಲ್ಲಿ ಅವನು 39ನೇ ಗಢವಾಲ್ ರೈಫಲ್ಸ್‌ನ ಎರಡನೇ ಬೆಟಾಲಿಯನ್ ಸೇರಿದ.

1915ರ ಮಾರ್ಚ್ 10. ಬೆಳಿಗ್ಗೆ 7.30ಕ್ಕೆ ಜರ್ಮನ್ ಸಾಲಿನ ಮೇಲೆ ಬ್ರಿಟಿಷ್ ಫಿರಂಗಿ ಶುರುವಾಗಿ 35 ನಿಮಿಷ ಸುರಿಯಿತು. 8.05ಕ್ಕೆ ಕಾಲಾಳುಗಳು ಎದ್ದರು. ಅದೇ ರೆಜಿಮೆಂಟಿನ ಮೊದಲ ಬೆಟಾಲಿಯನ್ ದಿಕ್ಕು ತಪ್ಪಿ ಬಲಕ್ಕೆ ವಾಲಿತು. ಅಲ್ಲಿ ಗುಂಡು ಬಿದ್ದಿರಲಿಲ್ಲ, ಮುಳ್ಳುತಂತಿ ಹಾಗೆಯೇ ಇತ್ತು. ಸಾಲಿನಲ್ಲಿ ದೊಡ್ಡ ಕಂಡಿ ಉಳಿಯಿತು. ಫಿರಂಗಿ ಬಿದ್ದ ಕಡೆ ದಾರಿ, ಬೀಳದ ಕಡೆ ಸಾವು. ಆ ಬೆಳಗಿನ ಲೆಕ್ಕ ಅಷ್ಟು ಕ್ರೂರ.

ಗಬರ್ ಸಿಂಗ್ ಇದ್ದದ್ದು ಬಾಂಬು ಎಸೆಯುವವರ ಜೊತೆಗಿನ ಬಯೊನೆಟ್ (ಬಂದೂಕಿನ ತುದಿಯ ಚೂರಿ) ತಂಡದಲ್ಲಿ. ಕಂದಕಗಳನ್ನು ನೇರಕ್ಕೆ ಕಟ್ಟುತ್ತಿರಲಿಲ್ಲ, ಕೆಲವೇ ಗಜಕ್ಕೊಂದು ಅಡ್ಡಮಣ್ಣು ಬಿಟ್ಟು ತಿರುಗಿಸುತ್ತಿದ್ದರು. ಒಂದು ಕಡೆ ಬಾಂಬು ಸಿಡಿದರೆ ಚೂರು ಪಕ್ಕದ ಭಾಗಕ್ಕೆ ಹಾರಬಾರದು, ಹೊಕ್ಕ ಶತ್ರು ಉದ್ದಕ್ಕೂ ಗುಂಡು ಹಾರಿಸಬಾರದು ಅಂತ. ಒಳಗೆ ನುಗ್ಗಿದವನಿಗೆ ಇದೇ ಕಂಟಕ: ಪ್ರತಿ ತಿರುವಿನಾಚೆ ಯಾರಿದ್ದಾರೋ ಕಾಣದು. ಬಾಂಬು ಎಸೆಯಬೇಕು, ಸಿಡಿದ ಕೂಡಲೇ ಬಯೊನೆಟ್ ಹಿಡಿದವನು ತಿರುಗಿ ನುಗ್ಗಬೇಕು. ಪ್ರತಿ ತಿರುವಿನಲ್ಲೂ ಮೊದಲು ನುಗ್ಗಿದವನು ಇವನೇ ಎನ್ನುತ್ತದೆ ಗೆಜೆಟ್. ಎದುರಾಳಿಗಳು ಹಿಂದೆ ಸರಿದು ಕೊನೆಗೆ ಶರಣಾದರು. ಇವನು ಅದೇ ಹೋರಾಟದಲ್ಲಿ ಸತ್ತ. 20 ತುಂಬಲು ಆರು ವಾರ ಬಾಕಿಯಿತ್ತು.

 

ಗಬರ್ ಸಿಂಗ್‌ಗೆ ಬ್ರಿಟಿಷ್ ಸೇನೆಯ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಬಂತು. ದೇಹ ಸಿಗಲಿಲ್ಲ. ಊರಿಗೆ ತಲುಪಿದ ಪದಕವನ್ನು ಪತ್ನಿ ಸತೂರಿ ದೇವಿ ಎದೆಯ ಮೇಲೆ ಧರಿಸುತ್ತಿದ್ದರು. ಅವನು ಹುಟ್ಟಿದ ದಿನ, ಏಪ್ರಿಲ್‌ನಲ್ಲಿ, ಚಂಬಾದಲ್ಲಿ ಈಗಲೂ ಜಾತ್ರೆ ಸೇರುತ್ತದೆ.