ಆಯುಧಪೂಜೆಯ ಮೂರನೆಯ ರಾತ್ರಿ

ಆಯುಧಪೂಜೆ ಕಳೆದ ಮೂರನೆಯ ದಿನ, ರಾತ್ರಿ ಪಾಳಿಯಲ್ಲಿ, ನಮ್ಮ ಕುಲುಮೆಯ ಉಷ್ಣಾಂಶ 850 ಡಿಗ್ರಿಗಿಂತ ಕೆಳಗಿಳಿಯಿತು. ಪಾಳಿಯ ಹೊಣೆ ನನ್ನದಾಗಿತ್ತು. ತಪ್ಪೂ ನನ್ನದೇ.

ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ಒಂಬತ್ತು ವರ್ಷ ಬೆವರು ಸುರಿಸಿ, ಬೆಂಗಳೂರಿನ ಕಸದಿಂದ ವಿದ್ಯುತ್ ತೆಗೆಯುವ ಸ್ಥಾವರಕ್ಕೆ ಬಂದವನು ನಾನು. ಬೆಂಕಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಸೊಕ್ಕು ಜೊತೆಯಲ್ಲೇ ಬಂದಿತ್ತು. ಕಬ್ಬಿನ ಸಿಪ್ಪೆಯಲ್ಲಿ ಅರ್ಧಕ್ಕರ್ಧ ನೀರೇ ಇರುತ್ತದೆ. ಅದನ್ನು ಉರಿಸಿದವನಿಗೆ ಕಸ ಯಾವ ಲೆಕ್ಕ? ಆದರೆ ಸಿಪ್ಪೆ ಇಂದು ಹೇಗಿದೆಯೋ ನಾಳೆಯೂ ಹಾಗೆಯೇ ಇರುತ್ತದೆ. ಕಸದ ಜಾತಕ ಬೇರೆ. ಒಂದು ಲಾರಿಯಲ್ಲಿ ಥರ್ಮೋಕೋಲ್, ಹಳೆಯ ಚಪ್ಪಲಿ, ಹರಿದ ಹಾಸಿಗೆ. ಅದರ ಬೆನ್ನಿಗೇ ಬರುವ ಲಾರಿಯಲ್ಲಿ ಎಳನೀರಿನ ಬುರುಡೆ, ಕಲ್ಯಾಣ ಮಂಟಪದ ಬಾಳೆ ಎಲೆ.

ಲಾರಿಗಳು ಕಸ ಸುರಿಯುವುದು ಕಾಂಕ್ರೀಟಿನ ಆಳವಾದ ಗುಂಡಿಗೆ. ನಾವು ಅದನ್ನು ಪಿಟ್ ಎನ್ನುತ್ತೇವೆ. ಕುಲುಮೆಗೆ ಬೇಕಾದ ಗಾಳಿಯನ್ನು ಫ್ಯಾನ್‌ಗಳು ಅಲ್ಲಿಂದಲೇ ಎಳೆದುಕೊಳ್ಳುತ್ತವೆ. ಹೀಗಾಗಿ ನಾತ ಊರಿಗೆ ಹೋಗದೆ ಬೆಂಕಿಗೆ ಹೋಗುತ್ತದೆ. ಕಸ ಅಲ್ಲಿ ಐದರಿಂದ ಏಳು ದಿನ ಬಿದ್ದಿದ್ದು ನೀರು ಬಸಿಯಬೇಕು. ಮೇಲಿನ ಗಾಜಿನ ಕೋಣೆಯಲ್ಲಿ ಕುಳಿತ ಕ್ರೇನ್ ಚಾಲಕರು ಗ್ರ್ಯಾಬ್‌ನ ಕಬ್ಬಿಣದ ಉಗುರುಗಳಿಂದ ಅದನ್ನು ಎತ್ತಿ, ಸುರಿದು, ಮತ್ತೆ ಎತ್ತಿ ಕಲಸುತ್ತಾರೆ. ಒಳ್ಳೆಯ ಚಿತ್ರಾನ್ನದಲ್ಲಿ ಗೊಜ್ಜು ಎಲ್ಲ ಅಗುಳಿಗೂ ಹತ್ತಿರಬೇಕಲ್ಲ, ಹಾಗೆ. (ಊಟದ ಹೋಲಿಕೆಗೆ ಕ್ಷಮೆಯಿರಲಿ, ಈ ಕೆಲಸದಲ್ಲಿ ಮೂಗಿನ ಸಂಕೋಚ ಬೇಗ ಹೋಗುತ್ತದೆ.) ಬಸಿದು ಹದವಾದ ಕಸ ಮಾತ್ರ ಹಾಪರ್‌ಗೆ, ಅಂದರೆ ಕುಲುಮೆಗೆ ಕಸ ಉಣಿಸುವ ಬಾಯಿಗೆ, ಬೀಳಬೇಕು.

ಆಯುಧಪೂಜೆಯ ಮರುದಿನದ ಬೆಂಗಳೂರನ್ನು ನೀವು ನೋಡಿಯೇ ಇರುತ್ತೀರಿ. ಅಂಗಡಿ, ಗ್ಯಾರೇಜು, ಆಟೋ ನಿಲ್ದಾಣ, ಎಲ್ಲದರ ಮುಂದೆಯೂ ಬಾಡಿದ ಬಾಳೆಕಂದು, ಒಡೆದ ಬೂದುಗುಂಬಳಕಾಯಿ, ಚೆಂಡುಹೂವಿನ ಹಾರ. ಮೇಲೊಂದು ಮಳೆ. ಹಸಿ ಕಸ ಗೊಬ್ಬರಕ್ಕೋ ಜೈವಿಕ ಅನಿಲಕ್ಕೋ ಹೋಗಬೇಕು, ನಮ್ಮಲ್ಲಿಗೆ ಬರಬಾರದು. ಮನೆಯಲ್ಲೇ ಕಸ ಬೇರ್ಪಡಿಸಲು ಎರಡು ಬುಟ್ಟಿ, ಒಂದು ಚೀಲ ಎಂದು ಹೈಕೋರ್ಟ್ 2015ರಲ್ಲೇ ಹೇಳಿದೆ. ಆದರೆ ಬೀದಿ ಗುಡಿಸಿ ರಾಶಿ ಹಾಕಿದ ಹಬ್ಬದ ಕಸಕ್ಕೆ ಯಾವ ಬುಟ್ಟಿ?

ಹಬ್ಬದ ರಜೆಯಲ್ಲಿ ಲಾರಿಗಳು ಕಡಿಮೆ ಬಂದಿದ್ದರಿಂದ ಪಿಟ್‌ನಲ್ಲಿ ಬಸಿದ ಕಸ ಕರಗುತ್ತಿತ್ತು. ಹಿರಿಯ ಕ್ರೇನ್ ಚಾಲಕರು ಫೋನ್ ಮಾಡಿ, “ಸಾರ್, ಈ ಹಸಿ ಮಾಲು ಇನ್ನೂ ನಾಲ್ಕು ದಿನ ಮೂಲೆಯಲ್ಲಿರಲಿ. ಕರೆಂಟಿನ ಉತ್ಪಾದನೆ ಇಳಿಸಿ, ಇರುವ ಒಣ ಕಸವನ್ನು ಉಳಿಸಿಕೊಂಡು ಓಡಿಸೋಣ” ಎಂದರು. ಅಂದಿನ ಯೂನಿಟ್‌ಗಳ ಲೆಕ್ಕ ನನ್ನ ತಲೆಯಲ್ಲಿ ಕುಳಿತಿತ್ತು. “ನೀವು ಹಾಕಿ, ಬೆಂಕಿಯನ್ನು ನಾನು ನೋಡಿಕೊಳ್ಳುತ್ತೇನೆ” ಎಂದೆ.

ಕುಲುಮೆಯೊಳಗೆ ಗ್ರೇಟ್ ಎಂಬ ಚಲಿಸುವ ಇಳಿಜಾರು ಹಾಸು ಇದೆ. ಕಸ ಅದರ ಮೇಲೆ ಮೆಲ್ಲಗೆ ಜಾರುತ್ತಾ ಮೊದಲು ಒಣಗಿ, ನಡುವೆ ಉರಿದು, ಕೊನೆಯಲ್ಲಿ ಬೂದಿಯಾಗಿ ಬೀಳುತ್ತದೆ. ಅಂದು ಒಣಗುವುದೇ ಮುಗಿಯಲಿಲ್ಲ. ಒಂದು ಕಿಲೋ ನೀರನ್ನು ಆವಿಯಾಗಿಸಲು 600 ಕಿಲೋಕ್ಯಾಲರಿಗೂ ಹೆಚ್ಚು ಶಾಖ ಬೇಕು, ಅದನ್ನು ಕಸವೇ ಕೊಡಬೇಕು. ಕಿಲೋಗೆ 1500 ಕಿಲೋಕ್ಯಾಲರಿಯಾದರೂ ಇರುವ, ಮರುಬಳಕೆಗೆ ಬಾರದ ಕಸ ವಿದ್ಯುತ್ತಿಗೆ ಹೋಗಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಬಾಳೆಕಂದು ಆ ನಿಯಮ ಓದಿರಲಿಲ್ಲ. ಹಬೆ ಇಳಿಯುತ್ತಿದ್ದಂತೆ ನಾನು ಸಕ್ಕರೆ ಕಾರ್ಖಾನೆಯ ಕೈಚಳಕ ತೋರಿಸಿ ಕೆಳಗಿನ ಗಾಳಿ ಏರಿಸಿದೆ. ಒದ್ದೆ ಸೌದೆಗೆ ಊದುಗೊಳವೆಯಿಂದ ಎಷ್ಟು ಊದಿದರೇನು! ತಣ್ಣನೆಯ ಗಾಳಿ ನುಗ್ಗಿ ಕುಲುಮೆ ಇನ್ನಷ್ಟು ತಣಿಯಿತು, ಕಾರ್ಬನ್ ಮಾನಾಕ್ಸೈಡ್ ಏರಿತು.

ಹೊಗೆ 850 ಡಿಗ್ರಿಯಲ್ಲಿ ಕನಿಷ್ಠ ಎರಡು ಸೆಕೆಂಡ್ ಇರಬೇಕೆಂಬುದು ಹಾಳೆಯ ಮೇಲಿನ ಶಾಸ್ತ್ರವಲ್ಲ. ಅಷ್ಟು ಕಾದರೆ ಮಾತ್ರ ಡಯಾಕ್ಸಿನ್‌ನಂಥ ವಿಷಗಳು ಮುರಿಯುತ್ತವೆ. ಮುಂದೆ ಸುಣ್ಣ, ಇಂಗಾಲದ ಪುಡಿ, ಬಟ್ಟೆಚೀಲದ ಫಿಲ್ಟರ್ ಎಲ್ಲ ಇದ್ದರೂ ಅವು ಕೆಟ್ಟ ಬೆಂಕಿಯ ಪಾಪ ತೊಳೆಯಲು ಹುಟ್ಟಿದವಲ್ಲ. ಯಂತ್ರಕ್ಕೆ ನನಗಿಂತ ಬುದ್ಧಿಯಿತ್ತು: ಹಾಪರ್ ತಾನಾಗಿ ನಿಂತಿತು, ಡೀಸೆಲ್ ಬರ್ನರ್‌ಗಳು ಹೊತ್ತಿಕೊಂಡವು. ಎರಡೂವರೆ ಗಂಟೆ ಡೀಸೆಲ್ ಸುಟ್ಟು ಬಾಳೆಕಂದು ಒಣಗಿಸಿದೆವು. ಬೆಳಿಗ್ಗೆ ಬೂದಿಯ ಕನ್ವೇಯರ್ ಮೇಲೆ ಒಂದು ಬಾಳೆಕಂದು, ಸಿಪ್ಪೆ ಕರಕಾಗಿ, ತಿರುಳು ಹಸಿರಾಗಿಯೇ ಹೊರಬಂದಿತು. ಅದನ್ನು ನೋಡಿ ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು.

ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಆರಂಭವಾದ ಇಂಥದೇ ಸ್ಥಾವರ ಬೇಗನೆ ನಿಂತುಹೋದದ್ದೂ ಕಸದಲ್ಲಿ ಶಾಖ ಸಾಲದೆಯೇ. ಅದನ್ನು ತರಬೇತಿಯಲ್ಲಿ ಓದಿದ್ದೆ. ಓದಿದ್ದು ಬಾಯ್ಲರ್ ಮನೆಯೊಳಗೆ ಬಂದಿರಲಿಲ್ಲ, ಅಷ್ಟೇ.

ಕಸದ ಬಾಯ್ಲರ್‌ನ ಇನ್ನೊಂದು ಪಾಠವನ್ನೂ ಆ ಚಾಲಕರೇ ತಮಗೆ ಅರಿಯದೆ ಹೇಳಿದ್ದರು: “ಎಲ್ಲದರಲ್ಲೂ ಉಪ್ಪಿದೆ ಸಾರ್.” ಸಕ್ಕರೆ ಕಾರ್ಖಾನೆಯಲ್ಲಿ ನಾವು ಹಬೆಯನ್ನು 500 ಡಿಗ್ರಿ ದಾಟಿಸುತ್ತಿದ್ದೆವು. ಇಲ್ಲಿ ಸುಮಾರು 400ಕ್ಕೇ ಕೈಕಟ್ಟು. ಮಿಕ್ಕ ಸಾಂಬಾರಿನ ಉಪ್ಪು, ಪಿವಿಸಿ ಪೈಪಿನ ಚೂರು, ಎರಡರಲ್ಲೂ ಇರುವ ಕ್ಲೋರಿನ್ ಹೆಚ್ಚು ಬಿಸಿಯಾದ ಕೊಳವೆಗಳನ್ನು ತಿಂದುಹಾಕುತ್ತದೆ. ಟರ್ಬೈನ್ ಅಷ್ಟರಮಟ್ಟಿಗೆ ಬಡವಾಗುತ್ತದೆ.

ಆ ರಾತ್ರಿಯ ಪಾಠ ಕಲಿತ ಮೇಲೆ, ಕಳೆದ ವರ್ಷ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಕ್ರೇನ್ ಕೋಣೆಗೆ ಹತ್ತಿದೆ. ಆ ಹಿರಿಯ ಚಾಲಕರು ಆಗಲೇ ಪಿಟ್‌ನ ಒಂದು ಮೂಲೆ ಖಾಲಿ ಮಾಡಿ, ಎದುರಿನ ಗೋಡೆಗೆ ಬಸಿದ ಕಸವನ್ನು ಗುಡ್ಡದಂತೆ ಕೂಡಿಹಾಕಿದ್ದರು. ಪೂಜೆಯ ದಿನ ಟರ್ಬೈನ್ ಮುಂದೆ ನಾವೂ ಒಂದು ಬೂದುಗುಂಬಳಕಾಯಿ ಒಡೆದೆವು. ಹೋಳುಗಳನ್ನು ಬುಟ್ಟಿಗೆ ತುಂಬಿ ಹುಡುಗನೊಬ್ಬ ಪಿಟ್‌ನತ್ತ ಹೊರಟ. ಮೇಲಿನಿಂದ ಮೈಕಿನಲ್ಲಿ ದನಿ ಬಂತು: “ಅದು ಇಲ್ಲಿಗಲ್ಲಪ್ಪಾ, ಹಿಂದಿನ ಗೊಬ್ಬರದ ಗುಂಡಿಗೆ.”