ಬಾಯಿ ಮುಚ್ಚಿಕೊಂಡ ಮೀನು

ಬೆಳಿಗ್ಗೆ ಐದೂವರೆ. ಡಿಸೆಂಬರ್ ಚಳಿ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಥರ್ಮೋಕೋಲ್ ಡಬ್ಬಕ್ಕಾಗಿ ಕಾಯುತ್ತಿದ್ದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿದ್ದರು. ಡಬ್ಬ ಕೈಗೆ ಕೊಡುತ್ತಾ ಕಂಡಕ್ಟರ್, "ಏನ್ರೀ ಇದು, ಕೇಕಾ?" ಅಂದರು. ಮೀನು ಅಂದೆ. "ಮೀನು ಬೆಂಗಳೂರಿಂದ ತರಿಸ್ತೀರಾ? ಇಲ್ಲೇ ಹರಿಹರದಾಗೆ ಹೊಳೆ ಐತಲ್ರೀ!" ಏನು ಹೇಳಲಿ? ಸುಮ್ನೆ ನಕ್ಕು ಬೈಕ್ ಹತ್ತಿದೆ.

ಒಳಗಿದ್ದದ್ದು ಒಂದು ಜೋಡಿ ಬೆಟ್ಟಾ ಆಲ್ಬಿಮಾರ್ಜಿನೇಟಾ. ಬೋರ್ನಿಯೊ ದ್ವೀಪದ ಇಂಡೊನೇಷ್ಯಾ ಭಾಗದಲ್ಲಿ, ಕಾಡಿನ ಸಣ್ಣ ತೊರೆಗಳ ಅಂಚಿನಲ್ಲಿ, ಉದುರಿದ ಎಲೆಗಳ ನಡುವೆ ಬದುಕುವ ಮೀನು. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದೇ 1994ರಲ್ಲಿ. ಬಿಳಿ ಅಂಚಿನದು ಅಂತ ಹೆಸರಿನ ಅರ್ಥ. ಬೆರಳುದ್ದವೂ ಇಲ್ಲ. ಗಂಡಿನ ಮೈ ಕೆಮ್ಮಣ್ಣಿನ ಬಣ್ಣ. ರೆಕ್ಕೆಗಳಿಗೆ ಕಪ್ಪು ಪಟ್ಟಿ, ಅದರ ತುದಿಗೆ ಬಿಳಿ ಗೆರೆ. ಅಳತೆ ಹಿಡಿದು ನೇಯ್ದ ಸೀರೆ ಅಂಚಿನ ಹಾಗೆ.

ಮನೆಗೆ ಬಂದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಬೆಟ್ಟಾ ಅಂದ್ರೆ ಯಾವ ಬೆಟ್ಟದ್ದೋ? ದುರ್ಗದ್ದಾ?" ನಮ್ಮ ಬೆಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಜಾವಾ ಕಡೆಯ ಜನ ಕರೆಯುತ್ತಿದ್ದ ಹೆಸರನ್ನೇ ಬ್ಲೀಕರ್ ಎಂಬ ಡಚ್ ವೈದ್ಯ 1850ರಲ್ಲಿ ಈ ಕುಲಕ್ಕೆ ಇಟ್ಟ. ಇದನ್ನೆಲ್ಲ ಅವ್ವನಿಗೆ ಹೇಳಿದೆ. ಬೆಲೆ ಮಾತ್ರ ಅರ್ಧ ಮಾಡಿ ಹೇಳಿದೆ.

ಈ ಜೋಡಿ ಸಿಗುವ ಮುಂಚೆ ಸುಮಾರು ಅಲೆದಿದ್ದೆ. ಊರಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಒಂದೊಂದಾಗಿ ಕೂರಿಸಿರುತ್ತಾರಲ್ಲ, ಉದ್ದ ಬಾಲದ ಫೈಟರ್ ಮೀನು, ಅದು ಇದೇ ಕುಲದ ಒಂದು ಜಾತಿ ಅಷ್ಟೇ. ಬೆಟ್ಟಾ ಸ್ಪ್ಲೆಂಡೆನ್ಸ್. ಥಾಯ್ಲೆಂಡಿನವರು 2019ರಲ್ಲಿ ಅದನ್ನು ತಮ್ಮ ರಾಷ್ಟ್ರೀಯ ಜಲಚರ ಅಂತ ಸಾರಿದರು. ಈ ಕುಲದಲ್ಲಿ 70ಕ್ಕೂ ಹೆಚ್ಚು ಜಾತಿಗಳಿವೆ. ಯಾವುದೂ ನಮ್ಮ ದೇಶದ್ದಲ್ಲ. ಒಂದು ಅಂಗಡಿಯಲ್ಲಿ "ವೈಲ್ಡ್ ಬೆಟ್ಟಾ ಇದೆಯಾ?" ಅಂತ ಕೇಳಿದೆ. ಅವನು ಲೋಟದ ಮುಂದೆ ಕನ್ನಡಿ ಹಿಡಿದ. ಮೀನು ಕಿವಿರು ಉಬ್ಬಿಸಿ ಕನ್ನಡಿಗೆ ಗುದ್ದಿತು. "ಇದಕ್ಕಿಂತ ವೈಲ್ಡ್ ಬೇಕಾ ಸಾರ್?"

ಆಮೇಲೆ ಒಬ್ಬರಿಂದ ಇಂಬೆಲಿಸ್ ಅಂತ ಗಿಡ್ಡ ಬಾಲದ ಒಂದು ಕಾಡು ಬೆಟ್ಟಾ ತರಿಸಿದೆ. ಎರಡು ತಿಂಗಳಲ್ಲಿ ಅದರ ಬಾಲ ಲಂಗದ ಹಾಗೆ ಬೆಳೆಯಿತು. ಅಂದರೆ ಫೈಟರ್ ಜೊತೆ ಕಲಬೆರಕೆ. ಬೈಯಲು ಫೋನ್ ಮಾಡಿದರೆ ಎತ್ತಲಿಲ್ಲ. ಪಾಪದ ಮೀನು, ಅದರ ತಪ್ಪೇನು? ಈಗಲೂ ಅಡುಗೆಮನೆ ಕಿಟಕಿಯಲ್ಲಿ ಆರಾಮಾಗಿದೆ.

ವೈಲ್ಡ್ ಅಂದರೆ ಕಾಡಿನಿಂದ ಹಿಡಿದು ತಂದದ್ದು ಅಂತಲೇ ಅಲ್ಲ. ಜನ ಬಣ್ಣಕ್ಕೆ, ಬಾಲಕ್ಕೆ ಅಂತ ತಿದ್ದದೆ ಇರುವ ಜಾತಿ. ನನಗೆ ತೊಟ್ಟಿಯಲ್ಲೇ ಹುಟ್ಟಿದ ಮರಿ ಬೇಕಿತ್ತು. ಮಲೇಷ್ಯಾ, ಇಂಡೊನೇಷ್ಯಾಗಳಲ್ಲಿ ಎಷ್ಟೋ ಬೆಟ್ಟಾ ಜಾತಿಗಳು ಇರುವ ಜೌಗು ಕಾಡುಗಳ ನೀರು ಬಸಿದು ತಾಳೆ ಎಣ್ಣೆಯ ತೋಟ ಮಾಡಿದ್ದಾರೆ. ಅಲ್ಲಿ ಉಳಿದಿರುವ ನಾಲ್ಕು ಮೀನನ್ನೂ ನನ್ನ ಶೋಕಿಗೆ ಯಾಕೆ ಹಿಡಿಸಬೇಕು? ಬೆಂಗಳೂರಿನ ಆ ಸಾಕಣೆಗಾರರು ಮೀನು ಕೊಡುವ ಮುಂಚೆ ನನಗೇ ಪರೀಕ್ಷೆ ಇಟ್ಟರು. ಮೊದಲ ಪ್ರಶ್ನೆ: "ನಿಮ್ಮೂರ ನೀರು ಹೇಗಿದೆ?"

ನಮ್ಮೂರ ನೀರು! ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರನ್ನು ನಮ್ಮ ಬೋರ್ ನೀರಲ್ಲಿ ಅದ್ದಿದರೆ ಸಾವಿರ ದಾಟುತ್ತದೆ. ಬಕೆಟ್ಟಿಗೆ ಬಿಳಿ ಪದರ, ಗೀಸರಿಗೆ ಬಿಳಿ ಪದರ, ಬೇಳೆ ಬೇಯುವುದಿಲ್ಲ. ಈ ಮೀನಿಗೆ ಬೇಕಾದದ್ದು ಮಳೆ ನೀರಿನಂಥ ಮೆದು ನೀರು. ಅದೂ ಸ್ವಲ್ಪ ಹುಳಿ, ಚಹಾ ಡಿಕಾಕ್ಷನ್ ಬಣ್ಣದ್ದು. ಕೊನೆಗೆ ಬೀದಿ ತುದಿಯ ಶುದ್ಧ ನೀರಿನ ಘಟಕವೇ ಗತಿಯಾಯಿತು. ಕಾಯಿನ್ ಹಾಕಿ ಕ್ಯಾನ್ ತುಂಬಿಸಿದರೆ ಟಿಡಿಎಸ್ ನಲವತ್ತರ ಸುತ್ತ. ಬಣ್ಣಕ್ಕೆ ಕಾಡುಬಾದಾಮಿ ಎಲೆ. ಬೆಟ್ಟಾ ಸಾಕುವವರು ಇದನ್ನು ಆನ್‌ಲೈನಲ್ಲಿ ಕೆತಾಪಾಂಗ್ ಅಂತ ದುಡ್ಡು ಕೊಟ್ಟು ತರಿಸುತ್ತಾರೆ. ನಾನು ನಮ್ಮ ಹಳೇ ಶಾಲೆಯ ಅಂಗಳಕ್ಕೆ ಹೋದೆ. ಚಿಕ್ಕವರಿದ್ದಾಗ ಅದರ ಕಾಯಿ ಕಲ್ಲಲ್ಲಿ ಜಜ್ಜಿ ತಿರುಳು ತಿನ್ನುತ್ತಿದ್ದೆವು. ಉದುರಿ ಒಣಗಿ ಕಂದಾದ ಎಲೆಗಳನ್ನೇ ಆರಿಸಿ ಚೀಲಕ್ಕೆ ತುಂಬುತ್ತಿದ್ದರೆ ಶಾಲೆಯ ಆಯಾ ಹತ್ತಿರ ಬಂದು, "ಯಾರಿಗಪ್ಪಾ ಔಷಧಿ?" ಅಂತ ಮೆಲ್ಲಗೆ ಕೇಳಿದರು. ಮೀನಿಗೆ ಅನ್ನಲು ನಾಚಿಕೆಯಾಗಿ "ಅವ್ವನ ಮಂಡಿನೋವಿಗೆ" ಅಂದುಬಿಟ್ಟೆ.

ಎಲೆ ತೊಳೆದು ತೊಟ್ಟಿಗೆ ಹಾಕಿದೆ. ನಾಲ್ಕು ದಿನಕ್ಕೆ ನೀರು ಕೆಂಪಾಯಿತು. ಒಂದು ಸಣ್ಣ ಸ್ಪಂಜ್ ಫಿಲ್ಟರ್, ಎರಡು ತೆಂಗಿನ ಚಿಪ್ಪು, ಮೇಲೆ ಸಂದಿಯಿಲ್ಲದ ಮುಚ್ಚಳ. ಬೆಟ್ಟಾ ನೀರಿನ ಮೇಲೆ ಬಂದು ಗಾಳಿ ಕುಡಿಯುವ ಮೀನು, ಆದ್ದರಿಂದ ತೊಟ್ಟಿ ಕಂಠಪೂರ್ತಿ ತುಂಬಬಾರದು. ಮುಚ್ಚಳದಲ್ಲಿ ಬೆರಳು ಹೋಗುವಷ್ಟು ಸಂದಿ ಬಿಟ್ಟರೂ ಹಾರಿ ನೆಲಕ್ಕೆ ಬೀಳುತ್ತದೆ. "ಮೀನಿಗೆ ಕಷಾಯ ಕುಡಿಸ್ತಿದೀಯೇನೋ?" ಅಂದರು ಅವ್ವ. ಮೀನು ಬಂದ ಮೊದಲ ವಾರ ಎರಡೂ ಚಿಪ್ಪಿನೊಳಗೇ. ಬಂದವರೆಲ್ಲ ಖಾಲಿ ತೊಟ್ಟಿ ನೋಡಿ ಹೋದರು.

ಫೆಬ್ರವರಿಯಲ್ಲಿ ಒಂದು ದಿನ ಗಂಡು ಊಟ ಬಿಟ್ಟಿತು. ಸೊಳ್ಳೆಮರಿ ಮೂಗಿನ ಮುಂದೆ ಕುಣಿದರೂ ಬಾಯಿ ತೆರೆಯಲಿಲ್ಲ. ಟಾರ್ಚ್ ಹಾಕಿ ನೋಡಿದೆ. ಗದ್ದದ ಕೆಳಗೆ ಊದಿಕೊಂಡಿದೆ, ಎಲೆ ಅಡಿಕೆ ಒತ್ತರಿಸಿಕೊಂಡ ಅಜ್ಜನ ಹಾಗೆ. ಎದೆ ಡವಡವ ಅಂತು. ಫೈಟರ್ ಮೀನಿನ ಗಂಡು ನೀರಿನ ಮೇಲೆ ಗುಳ್ಳೆ ಗೂಡು ಕಟ್ಟುತ್ತದೆ. ಆಲ್ಬಿಮಾರ್ಜಿನೇಟಾ ಹಾಗಲ್ಲ. ಇದರ ಗಂಡು ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಎರಡು ವಾರ ಆಚೀಚೆ. ಅಷ್ಟೂ ದಿನ ಉಪವಾಸ.

ನಾನು ಸುಮ್ಮನಿರಬೇಕಿತ್ತು. ಆಗಲಿಲ್ಲ. ಬೆಳಿಗ್ಗೆ ಟಾರ್ಚ್, ಮಧ್ಯಾಹ್ನ ಫೋಟೊ, ರಾತ್ರಿ ವಿಡಿಯೊ. ಫೋನಲ್ಲಿ ಒಬ್ಬರು ಹೆಣ್ಣನ್ನು ತೆಗೆದುಬಿಡಿ ಅಂದರು, ಇನ್ನೊಬ್ಬರು ಮುಟ್ಟಲೇಬೇಡಿ ಅಂದರು. ಮುಟ್ಟಿ ಅಂದವರ ಮಾತೇ ನನಗೆ ರುಚಿಸಿತು. ನಾಲ್ಕನೇ ದಿನ ಬಲೆ ಇಳಿಸಿದೆ. ಹೆಣ್ಣು ಚಿಪ್ಪಿನಿಂದ ಚಿಪ್ಪಿಗೆ ಓಡಿತು. ಎಲೆಗಳೆಲ್ಲ ಎದ್ದವು. ಗಂಡು ಗಾಜಿಗೆ ಬಡಿದುಕೊಂಡಿತು. ಮರುದಿನ ಬೆಳಿಗ್ಗೆ ಗದ್ದ ಮಟ್ಟಸ. ಸೊಳ್ಳೆಮರಿ ಹಾಕಿದರೆ ಗಬಕ್ ಅಂತ ತಿಂದಿತು. ಮೊಟ್ಟೆಗಳನ್ನೂ ನುಂಗಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಹೆದರಿದ ಗಂಡು ಹಾಗೇ ಮಾಡುತ್ತದೆ.

ಆವತ್ತು ನನಗೆ ಊಟ ಸೇರಲಿಲ್ಲ. ಅವ್ವ ಬೈಯಲಿಲ್ಲ. "ಬಾಣಂತಿ ಕೋಣೆಗೆ ಟಾರ್ಚ್ ಹಿಡ್ಕೊಂಡು ಹೋಗ್ತಾರೇನೋ ಯಾರಾದ್ರೂ?" ಅಂದರು ಅಷ್ಟೇ.

ಬೇಸಿಗೆಯಲ್ಲಿ ಮರಿಯ ಮಾತಿರಲಿ, ದೊಡ್ಡವನ್ನು ಉಳಿಸಿಕೊಳ್ಳುವುದೇ ಸಾಕಾಯಿತು. ಕಾಡಿನ ನೆರಳಲ್ಲಿ ಬದುಕುವ ಮೀನಿಗೆ ದಾವಣಗೆರೆಯ ಏಪ್ರಿಲ್ ಅಂದರೆ ಹಂಚು. ತೊಟ್ಟಿಯನ್ನು ಬಚ್ಚಲುಮನೆಯ ಮೂಲೆಗೆ ಸಾಗಿಸಿ, ಸುತ್ತ ಒದ್ದೆ ಗೋಣಿಚೀಲ ಸುತ್ತಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. ನಾವು ಸ್ನಾನಕ್ಕೆ ಹೋಗುವಾಗ ಫ್ಯಾನ್ ಆಫ್, ಬಂದ ಮೇಲೆ ಆನ್. ಅಣ್ಣನ ಮಗ ರಜಕ್ಕೆ ಬಂದವನು, "ಚಿಕ್ಕಪ್ಪ, ಕುಂದವಾಡ ಕೆರೆಗೆ ಬಿಟ್ಬಿಡು, ಅಲ್ಲಿ ತಂಪಾಗಿರ್ತವೆ" ಅಂದ. ಪರದೇಶದ ಮೀನನ್ನು ಕೆರೆಗೆ ಬಿಡುವ ಬುದ್ಧಿಯಿಂದಲೇ ನಮ್ಮ ಕೆರೆಗಳ ತುಂಬ ಜಿಲೇಬಿ ಮೀನು ತುಂಬಿಕೊಂಡಿದ್ದು ಅಂತ ಅವನಿಗೆ ಅರ್ಧ ಗಂಟೆ ಭಾಷಣ ಮಾಡಿದೆ. ಪಾಪ, ಎದ್ದು ಹೋಗಿ ಮೊಬೈಲ್ ಹಿಡಿದ.

ಜುಲೈನಲ್ಲಿ ನಾಲ್ಕು ದಿನ ಜಡಿಮಳೆ. ತಾರಸಿಯ ನೀರು ಹಿಡಿದು ತೊಟ್ಟಿಗೆ ಸ್ವಲ್ಪ ಸ್ವಲ್ಪ ಸೇರಿಸಿದೆ. ವಾರ ಕಳೆದಿರಲಿಲ್ಲ, ಗಂಡಿನ ಬಾಯಿಗೆ ಮತ್ತೆ ಎಲೆ ಅಡಿಕೆ ಬಿತ್ತು.

ಈ ಸಲ ಯಜಮಾನಿಕೆ ಅವ್ವನದು. ತೊಟ್ಟಿಯ ಮೂರು ಕಡೆ ಹಳೇ ಪೇಪರ್ ಅಂಟಿಸಿ, ಮುಂದೆ ತಮ್ಮ ಹರಿದ ಸೀರೆಯ ತುಂಡು ಇಳಿಬಿಟ್ಟರು. ಟಾರ್ಚ್ ಅವರ ದಿಂಬಿನ ಕೆಳಗೆ ಹೋಯಿತು. "ಗಂಡಸಿಗೆ ಬಾಣಂತನ ಮಾಡೋ ಕಾಲ ಬಂತಲ್ಲಪ್ಪಾ" ಅಂತ ಪಕ್ಕದ ಮನೆಯವರ ಹತ್ತಿರ ನಗುತ್ತಿದ್ದರು, ಆದರೆ ಅವರನ್ನೂ ಒಳಗೆ ಬಿಡಲಿಲ್ಲ. ನಾನು ಕೆಲಸದ ನೆಪ ಮಾಡಿಕೊಂಡು ಚಿತ್ರದುರ್ಗಕ್ಕೆ ಹೋಗಿ ಎರಡು ದಿನ ಗೆಳೆಯನ ಮನೆಯಲ್ಲಿದ್ದೆ. ಮನೆಯಲ್ಲಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಅಲ್ಲಿದ್ದಾಗಲೂ ಅಷ್ಟೇ, ಕೋಟೆಯ ಅಕ್ಕ ತಂಗಿ ಹೊಂಡದ ಮುಂದೆ ನಿಂತು ಈ ನೀರಿನ ಟಿಡಿಎಸ್ ಎಷ್ಟಿರಬಹುದು ಅಂತ ಯೋಚಿಸುತ್ತಿದ್ದೆ.

ಹದಿನೈದನೇ ದಿನ ಬೆಳಿಗ್ಗೆ ಅವ್ವ ಎಬ್ಬಿಸಿದರು. ಸೀರೆ ಸರಿಸಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಎಲೆಯ ಅಂಚಲ್ಲಿ ಒಂದು ಚುಕ್ಕೆ ಅಲುಗಿತು. ಎಳ್ಳಿನ ಕಾಳಿಗಿಂತ ಚೂರು ಉದ್ದ, ಎರಡು ಕಣ್ಣು. ಇನ್ನೊಂದು. ಮತ್ತೊಂದು. ನಾನು ಹನ್ನೊಂದು ಎಣಿಸಿದೆ. ಅವ್ವ ಹದಿಮೂರು ಅಂದರು. ಅವರು ಕನ್ನಡಕ ಹಾಕಿರಲಿಲ್ಲ, ಆದರೂ ವಾದ ಮಾಡುವ ಧೈರ್ಯ ಬರಲಿಲ್ಲ. ಮರಿಗಳಿಗೆ ಅಂತ ಹಿಂದಿನ ದಿನವೇ ಉಪ್ಪುನೀರಿನ ಬಾಟಲಿಯಲ್ಲಿ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮೊಟ್ಟೆ ಹಾಕಿಟ್ಟಿದ್ದೆ. ಅವು ಒಡೆದು ಕಿತ್ತಳೆ ಬಣ್ಣದ ಧೂಳಿನ ಹಾಗೆ ಓಡಾಡುತ್ತಿದ್ದವು. ಎರಡು ಹನಿ ಬಿಟ್ಟೆ. ಮರಿಗಳ ಹೊಟ್ಟೆ ಕಿತ್ತಳೆಯಾಯಿತು.

ಗಂಡು ಮಾತ್ರ ಚಿಪ್ಪಿನ ಬಾಯಲ್ಲಿ ನಿಂತಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು, ಬಣ್ಣ ಮಾಸಿತ್ತು. ಬಾಯಿ ತೆರೆದು ಮುಚ್ಚಿತು, ಬಹಳ ದಿನದ ಮೇಲೆ ಆಕಳಿಸಿದ ಹಾಗೆ. ಮೊದಲು ಇದಕ್ಕೆ ಊಟ ಹಾಕಬೇಕಲ್ವಾ? ಸೊಳ್ಳೆಮರಿಗೆ ಅಂತ ಹಿತ್ತಲಲ್ಲಿ, ತುಳಸಿ ಕಟ್ಟೆಯ ಹಿಂದೆ, ಒಂದು ಬಕೆಟ್ ನೀರು ಬಚ್ಚಿಟ್ಟಿದ್ದೆ. ಮೀನಿನ ಪಾಲಿಗೆ ಅದೇ ಬೆಣ್ಣೆ ದೋಸೆ. ಟೀ ಸೋಸುವ ಜಾಲರಿ ಹಿಡಿದು ಓಡಿದೆ.

ಬಕೆಟ್ ಬೋರಲು ಬಿದ್ದಿತ್ತು. ಕೆಳಗಿನ ಮಣ್ಣು ಇನ್ನೂ ಒದ್ದೆ.

"ಆಶಾ ಅಕ್ಕ ಬಂದಿದ್ರು ಕಣೋ ನಿನ್ನೆ ಸಂಜೆ," ಒಳಗಿಂದಲೇ ಅವ್ವ ಕೂಗಿದರು. "ಡೆಂಗಿ ಬಂದಿದೆಯಂತೆ, ಲಾರ್ವಾ ನೋಡಕ್ಕೆ ಅಂತ. ಒಂದು ಹುಳಾನೂ ಬಿಟ್ಟಿಲ್ಲ. ನನಗೆ ಬೈದೂ ಹೋದ್ರು."

ಜಾಲರಿ ಹಿಡಿದುಕೊಂಡೇ ಪಕ್ಕದ ಮನೆಯ ಗೇಟ್ ತಟ್ಟಿದೆ. ಅವರ ಡ್ರಮ್ಮಿಗೆ ಮುಚ್ಚಳ ಇರಲಿಲ್ಲ ಅನ್ನುವ ನೆನಪು.