ವಿಲಿಯಮ್ಸ್‌ಬರ್ಗ್: ಜೈಲಿನಿಂದ ಆಸ್ಪತ್ರೆಗೆ ಒಂದು ನಡಿಗೆ

ಅಮೆರಿಕದ ವರ್ಜೀನಿಯಾ ರಾಜ್ಯದ ವಿಲಿಯಮ್ಸ್‌ಬರ್ಗ್‌ಗೆ ಬರುವವರು ಗವರ್ನರನ ಅರಮನೆ, ಹಳೆಯ ಶಾಸನಸಭೆ, ಹದಿನೆಂಟನೇ ಶತಮಾನದ ಉಡುಪು ತೊಟ್ಟು ಕೆಲಸ ಮಾಡುವ ಕಮ್ಮಾರರು, ಬಡಗಿಗಳನ್ನು ನೋಡಿಕೊಂಡು ಹೋಗುತ್ತಾರೆ. ನಾವು ಹೋಗಿದ್ದು ಎರಡು ಕಟ್ಟಡಗಳಿಗಾಗಿ. ಒಂದು, ಊರಿನ ಪೂರ್ವಕ್ಕಿರುವ ಜೈಲು. ಇನ್ನೊಂದು, ಪಶ್ಚಿಮಕ್ಕಿರುವ ಹುಚ್ಚಾಸ್ಪತ್ರೆ. ನನ್ನ ತಂಗಿಯ ಮಗಳು ರಿಚ್ಮಂಡ್‌ನಲ್ಲಿ ಬುದ್ಧಿಮಾಂದ್ಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. "ದೊಡ್ಡಮ್ಮಾ, ಜೈಲಿನಿಂದಲೇ ಶುರು ಮಾಡೋಣ, ಆಗಲೇ ಅರ್ಥ ಆಗೋದು" ಎಂದಳು.

ನಿಕೋಲ್ಸನ್ ಬೀದಿಯ ಆ ಇಟ್ಟಿಗೆ ಜೈಲಿನ ಒಳಗೆ ಹಗಲಿನಲ್ಲೂ ಮಬ್ಬು. ದಪ್ಪ ಮರದ ಬಾಗಿಲು, ಕೈಗೆಟುಕದಷ್ಟು ಎತ್ತರದಲ್ಲಿ ಸರಳು ಹಾಕಿದ ಕಿಟಕಿ. ಕಳ್ಳರು, ಸಾಲಗಾರರು, ಸಿಕ್ಕಿಬಿದ್ದ ಕಡಲ್ಗಳ್ಳರು ಇದ್ದ ಈ ಜಾಗಕ್ಕೆ 1760ರ ದಶಕದಲ್ಲಿ ಏನೂ ತಪ್ಪು ಮಾಡದವರನ್ನೂ ತಂದು ಹಾಕುತ್ತಿದ್ದರು. ಬುದ್ಧಿ ಸ್ಥಿಮಿತದಲ್ಲಿಲ್ಲದೆ ಅಲೆಯುತ್ತಿದ್ದವರನ್ನು ಇಡಲು ಸರ್ಕಾರಕ್ಕೆ ಬೇರೆ ಜಾಗವೇ ಇರಲಿಲ್ಲ. ಬ್ರಿಟಿಷ್ ರಾಜನ ಪರವಾಗಿ ಆಡಳಿತ ನಡೆಸುತ್ತಿದ್ದ ಫ್ರಾನ್ಸಿಸ್ ಫೋಕಿಯರ್‌ಗೆ ಇದು ಮನಸ್ಸಿಗೆ ಕೊರೆಯಿತು. 1766ರಲ್ಲಿ ಅವನು ಶಾಸನಸಭೆಯ ಮುಂದೆ ನಿಂತು, ತಮಗೆ ತಾವೇ ಏನೂ ಮಾಡಿಕೊಳ್ಳಲಾಗದ ಈ ಬಡಪಾಯಿಗಳಿಗೆ ಒಂದು ಆಸ್ಪತ್ರೆ ಬೇಕು, ನಾಗರಿಕ ದೇಶಗಳಲ್ಲೆಲ್ಲ ಅಂಥದ್ದು ಇದೆ ಎಂದ. ಮರುವರ್ಷ ಮತ್ತೆ ಕೇಳಿದ. ಆಸ್ಪತ್ರೆಯನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ, 1768ರಲ್ಲಿ ತೀರಿಕೊಂಡ. ದಾರಿಯ ನಡುವೆ ಸಿಗುವ ಬ್ರೂಟನ್ ಚರ್ಚಿನೊಳಗೇ ಅವನ ಸಮಾಧಿ. ಅಲ್ಲಿ ಸ್ವಲ್ಪ ಹೊತ್ತು ನಿಂತೆವು. ಅಧಿಕಾರದಲ್ಲಿದ್ದವನೊಬ್ಬ, ತನಗೆ ಯಾವ ಲಾಭವೂ ಇಲ್ಲದ ಜನರಿಗಾಗಿ ಎರಡು ಸಲ ಬಾಯಿಬಿಟ್ಟು ಕೇಳಿದ್ದ. ಆ ಋಣ ದೊಡ್ಡದು.

ಕಾನೂನು ಬಂದಿದ್ದು 1770ರಲ್ಲಿ. ಹುಟ್ಟಿನಿಂದ ಬುದ್ಧಿ ಬೆಳೆಯದವರು, ನಡುವೆ ಬುದ್ಧಿ ಕೆಟ್ಟವರು, ಇತರ ಅಸ್ವಸ್ಥಚಿತ್ತರು, ಹೀಗೆ ಎಲ್ಲರ ಪಾಲನೆಗೆ ಎಂದು ಅದರ ಹೆಸರಿನಲ್ಲೇ ಇದೆ. ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಿ ಕಳಿಸಬೇಕು, ಆಸ್ಪತ್ರೆಯ ನಿರ್ದೇಶಕರು ನೋಡಿ ಸೇರಿಸಿಕೊಳ್ಳಬೇಕು. ಫಿಲಡೆಲ್ಫಿಯಾದ ರಾಬರ್ಟ್ ಸ್ಮಿತ್ ನಕ್ಷೆ ಹಾಕಿಕೊಟ್ಟ. 24 ಕೋಣೆಗಳ ಆ ಕಟ್ಟಡಕ್ಕೆ ಮೊದಲ ರೋಗಿಗಳು ಬಂದಿದ್ದು 1773ರ ಅಕ್ಟೋಬರ್ 12ರಂದು. ಈಗಿನ ಅಮೆರಿಕದ ನೆಲದಲ್ಲಿ ಮಾನಸಿಕ ರೋಗಿಗಳಿಗೆಂದೇ ಸರ್ಕಾರ ಕಟ್ಟಿಸಿದ ಮೊದಲ ಆಸ್ಪತ್ರೆ ಅದು.

ಫ್ರಾನ್ಸಿಸ್ ಬೀದಿಯಲ್ಲಿ ಇವತ್ತು ಕಾಣುವುದು ಮೂಲ ಕಟ್ಟಡವಲ್ಲ. ಅದು 1885ರ ಜೂನ್‌ನಲ್ಲಿ ಬೆಂಕಿಗೆ ಬಿತ್ತು; ನೂರು ವರ್ಷ ಕಳೆದು, 1985ರಲ್ಲಿ ಅದೇ ಪಾಯದ ಮೇಲೆ ಮತ್ತೆ ಎಬ್ಬಿಸಿದರು. ಒಳಗೆ 1773ರ ಕೋಣೆಯೊಂದನ್ನು ಇದ್ದ ಹಾಗೆಯೇ ಮಾಡಿ ತೋರಿಸಿದ್ದಾರೆ. ಹುಲ್ಲು ತುಂಬಿದ ಹಾಸಿಗೆ, ಮಲಮೂತ್ರಕ್ಕೊಂದು ಪಾತ್ರೆ, ಸರಪಳಿ, ಸರಳಿನ ಕಿಟಕಿ. ಇಷ್ಟೇ. ಈಗತಾನೇ ಜೈಲು ನೋಡಿ ಬಂದ ಕಣ್ಣಿಗೆ ವ್ಯತ್ಯಾಸ ಹುಡುಕಬೇಕಾಯಿತು. ಅದೇ ಕಟ್ಟಡದಲ್ಲಿ ಹತ್ತೊಂಬತ್ತನೇ ಶತಮಾನದ ಕೋಣೆಯೂ ಇದೆ: ಮಂಚ, ಮೇಜು, ಬೆಳಕು. ಜಾನ್ ಗಾಲ್ಟ್ ಎಂಬ ವೈದ್ಯ 1841ರಲ್ಲಿ, ತನ್ನ 22ನೇ ವಯಸ್ಸಿಗೆ, ಇಲ್ಲಿನ ಮುಖ್ಯಸ್ಥನಾದ. ರೋಗಿಗಳಿಗೆ ಪುಸ್ತಕ, ಸಂಗೀತ, ತೋಟದ ಕೆಲಸ ತಂದ. ಬೆಲ್ಜಿಯಂನ ಗೀಲ್ ಊರಿನಲ್ಲಿ ಮಾಡುವ ಹಾಗೆ ರೋಗಿಗಳನ್ನು ಸಂಸಾರಗಳ ಜೊತೆ ಮನೆಗಳಲ್ಲೇ ಇರಿಸಬೇಕು ಎಂದು ಬರೆದು, ತನ್ನದೇ ವೃತ್ತಿಯವರ ಕೋಪಕ್ಕೆ ಗುರಿಯಾದ.

ಆದರೆ ತಂಗಿಯ ಮಗಳು ನನ್ನನ್ನು ಕರೆತಂದಿದ್ದು ಬೇರೆಯದನ್ನು ಹೇಳುವುದಕ್ಕೆ. "ಕಾನೂನಿನ ಹೆಸರಲ್ಲಿ ನನ್ನ ಮಕ್ಕಳಂಥವರೂ ಇದ್ದರು, ದೊಡ್ಡಮ್ಮಾ. ಬಾಗಿಲಲ್ಲಿ ಮಾತ್ರ ಅವರನ್ನು ತಡೆದರು" ಎಂದಳು. ಆಸ್ಪತ್ರೆ ಸೇರಿಸಿಕೊಳ್ಳುತ್ತಿದ್ದುದು ಎರಡು ಬಗೆಯವರನ್ನು: ಅಪಾಯಕಾರಿಗಳು, ಇಲ್ಲವೇ ವಾಸಿಯಾಗುವ ಭರವಸೆ ಇದ್ದವರು. ಹುಟ್ಟಿನಿಂದಲೇ ಬುದ್ಧಿ ಮಂದವಿದ್ದು, ಯಾರಿಗೂ ತೊಂದರೆ ಕೊಡದೆ ಇರುವವರು ಎರಡರಲ್ಲೂ ಸೇರುವುದಿಲ್ಲ. ವಾಸಿಯಾಗುವಂಥದ್ದೇನೂ ಅವರಿಗಿಲ್ಲ, ಹೆದರಿಸುವುದಂತೂ ಇಲ್ಲವೇ ಇಲ್ಲ. ಹಾಗಾಗಿ ಅವರ ಪಾಲಿಗೆ ಉಳಿದದ್ದು ಮನೆಯವರ ಕರುಣೆ, ಇಲ್ಲವೇ ಊರಿನ ಬಡವರ ಆಶ್ರಯಮನೆ.

ನಮ್ಮ ಕಾನೂನುಗಳೂ ಈ ಗೆರೆಯನ್ನು ಅತ್ತಿತ್ತ ಎಳೆದಿವೆ. ಬ್ರಿಟಿಷರ 1912ರ ಕಾಯ್ದೆ ಮಾನಸಿಕ ರೋಗಿಗಳು, ಬುದ್ಧಿಮಾಂದ್ಯರು ಇಬ್ಬರನ್ನೂ ಒಂದೇ ಹೆಸರಿನ ಕೆಳಗೆ ತಂದಿತ್ತು. 1987ರ ಕಾಯ್ದೆ ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯಿಂದ ಹೊರಗಿಟ್ಟಿತು, 2017ರದ್ದೂ ಹಾಗೆಯೇ. ಹೊರಗಿಟ್ಟಿದ್ದು ಸರಿ, ಅದು ಕಾಯಿಲೆಯಲ್ಲ. ಅವರ ಹಕ್ಕುಗಳನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆದರೂ ಬೆಂಗಳೂರಿನ ನಿಮ್ಹಾನ್ಸ್‌ನ ಹೊರರೋಗಿ ವಿಭಾಗದಲ್ಲಿ, ಬೆಳೆದ ಮಗನ ಕೈ ಹಿಡಿದು ಕೂತ ವಯಸ್ಸಾದ ತಾಯಂದಿರನ್ನು ನಾನು ನೋಡಿದ್ದೇನೆ. ನಾನು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಅವರ ಪ್ರಶ್ನೆಗೆ ಉತ್ತರ ಕೊಡುವ ಕಟ್ಟಡವನ್ನು ಮಾತ್ರ ನಾನಿನ್ನೂ ಕಂಡಿಲ್ಲ.

ಬಾಗಿಲಲ್ಲಿ ತಡೆದವರನ್ನು ಕೊನೆಗೆ ವರ್ಜೀನಿಯಾ ಒಳಗೆ ಕರೆದುಕೊಂಡಿತು, ಅದು ಇನ್ನೂ ಘೋರ. 1924ರಲ್ಲಿ ಅದು ಮಂದಬುದ್ಧಿಯವರೇ ಮೊದಲಾದವರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ಕಾನೂನು ಮಾಡಿತು. ಲಿಂಚ್‌ಬರ್ಗ್ ಬಳಿಯ ಸರ್ಕಾರಿ ವಸತಿಯಲ್ಲಿದ್ದ ಕ್ಯಾರಿ ಬಕ್ ಎಂಬ ಹುಡುಗಿಯನ್ನು ಮಂದಬುದ್ಧಿಯವಳೆಂದು ಕರೆದರು. ಅವಳು ಹಾಗಿರಲೇ ಇಲ್ಲ. ಅತ್ಯಾಚಾರಕ್ಕೊಳಗಾಗಿ ಮಗು ಹೆತ್ತಿದ್ದಳು, ಅಷ್ಟೇ. 1927ರಲ್ಲಿ ಸುಪ್ರೀಂ ಕೋರ್ಟ್ ಎಂಟು–ಒಂದರ ಬಹುಮತದಿಂದ ಆ ಕಾನೂನನ್ನು ಎತ್ತಿಹಿಡಿಯಿತು. 1970ರ ದಶಕದವರೆಗೆ ಈ ರಾಜ್ಯದಲ್ಲಿ ಸುಮಾರು 8,000 ಜನರಿಗೆ ಆ ಶಸ್ತ್ರಚಿಕಿತ್ಸೆಯಾಯಿತು. ರಾಜ್ಯದ ಗವರ್ನರ್ ಕ್ಷಮೆ ಕೇಳಿದ್ದು 2002ರಲ್ಲಿ.

ಕ್ಯಾರಿಯ ಊರು ಷಾರ್ಲಟ್ಸ್‌ವಿಲ್. ಕ್ಷಮೆ ಕೇಳಿದ ವರ್ಷವೇ ಅಲ್ಲಿ ರಸ್ತೆ ಬದಿಗೆ ಒಂದು ಸ್ಮಾರಕ ಫಲಕ ನೆಟ್ಟಿದ್ದಾರೆ. ರಿಚ್ಮಂಡ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ. ಶನಿವಾರ ಶಾಲೆಗೆ ರಜೆ, ಹೋಗೋಣ ಎಂದಿದ್ದಾಳೆ.